ಸುರಂಗದಲ್ಲಿ ಕೈ ಮುಗಿದವನು

ಕೆಲವರಿಗೆ ಎತ್ತರದ ಭಯ, ಕೆಲವರಿಗೆ ಹಲ್ಲಿಯ ಭಯ, ನಮ್ಮ ಕಾರ್ಖಾನೆಯ ಅಕೌಂಟ್ಸಿನವರಿಗೆ ಆಡಿಟರ್ ಭಯ. ಇವಕ್ಕೆಲ್ಲ ಸಮಾಜದಲ್ಲಿ ಒಂದು ಮರ್ಯಾದೆ ಇದೆ. ಹಲ್ಲಿ ಕಂಡು ಮಂಚ ಹತ್ತಿ ನಿಂತವರನ್ನು ನೋಡಿ ಜನ ನಗುತ್ತಾರೆ ನಿಜ, ಆದರೆ ನಗುತ್ತಲೇ ಪೊರಕೆ ಹಿಡಿದುಕೊಂಡು ಸಹಾಯಕ್ಕೂ ಬರುತ್ತಾರೆ. ಸುರಂಗಕ್ಕೆ ಹೆದರುವವನ ಗತಿ ಹಾಗಲ್ಲ. ಅಂಥದೊಂದು ಭಯ ಇದೆ ಎಂದರೆ ಯಾರೂ ನಂಬುವುದಿಲ್ಲ. ನನಗಂತೂ ಇದೆ. ಮೇಲೆ ಒಂದು ಗುಡ್ಡ, ಸುತ್ತ ಕತ್ತಲೆ, ನಡುವೆ ನಾನು ಎಂದು ನೆನೆದರೆ ಸಾಕು, ಬನಿಯನ್ ಬೆನ್ನಿಗೆ ಅಂಟಿಕೊಳ್ಳುತ್ತದೆ. ಆ ಗುಡ್ಡ ಇಷ್ಟು ವರ್ಷ ಬಿದ್ದಿಲ್ಲ ಎಂದು ತಿಳಿದವರು ಸಮಾಧಾನ ಹೇಳುತ್ತಾರೆ. ನಾನು ರಾಂಜಣಗಾಂವದ ಕಾರ್ಖಾನೆಯ ಖರೀದಿ ವಿಭಾಗದವನು. ಒಂದು ಬೋಲ್ಟ್ ಕೊಳ್ಳಬೇಕಾದರೂ ಗ್ಯಾರಂಟಿ ಕೇಳಿ ರೂಢಿ. ಗುಡ್ಡಕ್ಕೆ ಗ್ಯಾರಂಟಿ ಕೊಟ್ಟವರು ಯಾರು?

ಪುಣೆಯ ಬಿಬವೇವಾಡಿಯಲ್ಲಿ ಮನೆ ಮಾಡಿಕೊಂಡು, ಹಬ್ಬಕ್ಕೊಮ್ಮೆ ಕಾರಿನಲ್ಲಿ ಬೆಳಗಾವಿಗೆ ಹೋಗುವವನಿಗೆ ಈ ಭಯ ಇರಬಾರದಿತ್ತು. ಏಕೆಂದರೆ ಮನೆಯಿಂದ ಹೊರಟು ಸೀಟಿನಲ್ಲಿ ಸರಿಯಾಗಿ ಕೂತುಕೊಳ್ಳುವ ಮೊದಲೇ ಕಾತ್ರಜದ ಹೊಸ ಸುರಂಗ ಬಾಯಿ ತೆರೆದು ನಿಂತಿರುತ್ತದೆ. ಅದಕ್ಕೇ ನಾನು ಯಾವಾಗಲೂ ಹಳೆಯ ಘಾಟಿನ ದಾರಿ ಹಿಡಿಯುತ್ತಿದ್ದೆ. ಅಲ್ಲೂ ಒಂದು ಸುರಂಗ ಇದೆ, ಆದರೆ ಅದು ಸಭ್ಯ ಸುರಂಗ, ಒಳಗೆ ಕಾಲಿಡುವಾಗಲೇ ಆಚೆಯ ಬೆಳಕು ಕಾಣುತ್ತದೆ. "ಘಾಟಿನ ಗಾಳಿ ಆರೋಗ್ಯಕ್ಕ ಛಲೋ, ಮ್ಯಾಲಿಂದ ಇಡೀ ಪುಣೆ ಕಾಣ್ತದ" ಎಂದು ನಾನು ಹೆಂಡತಿಗೆ ಹೇಳುತ್ತಿದ್ದೆ. ಸುಮಿತ್ರಾ ಧಾರವಾಡದವಳು, ಮಾತನ್ನು ಬಾಕಿ ಇಟ್ಟುಕೊಳ್ಳುವವಳಲ್ಲ. "ಇಡೀ ಪುಣೆ ದಿನಾ ನೋಡ್ತೀವಲ್ಲರೀ. ಟ್ರಕ್ಕಿನ ಹಿಂದ ಹೊಗಿ ಕುಡಕೋತ ಹೋಗೂದು ಅದೆಂಥಾ ಆರೋಗ್ಯ? ನನಗರೆ ಗಾಡಿ ಕಲಸ್ರಿ, ನಾ ಹೊಸಾ ರೋಡಿನ ಮ್ಯಾಲೆ ಒಯ್ತೀನಿ" ಎನ್ನುತ್ತಿದ್ದಳು. ಪುಣೆಯ ಟ್ರಾಫಿಕ್ಕಿನಲ್ಲಿ ಹೆಂಗಸರು ಹೊಸದಾಗಿ ಗಾಡಿ ಕಲಿಯುವುದು ಎಷ್ಟು ಅಪಾಯ ಎಂದು ನಾನು ಆಗ ಒಂದು ಉಪನ್ಯಾಸ ಕೊಡುತ್ತಿದ್ದೆ. ಉಪನ್ಯಾಸ ಮುಗಿಯುವ ಹೊತ್ತಿಗೆ ಗಾಡಿ ಘಾಟು ಇಳಿದಿರುತ್ತಿತ್ತು.

ಇಂಥ ನನ್ನನ್ನು ಇಂಗ್ಲೆಂಡಿನ ಒಂದು ಕಾಲುವೆಯ ಸುರಂಗದೊಳಗೆ, ಅದೂ ದೋಣಿ ನಡೆಸುವವನನ್ನಾಗಿ ನಿಲ್ಲಿಸಿದ ಕೀರ್ತಿ ನನ್ನ ಹೆಂಡತಿಯ ಅಣ್ಣ ವಸಂತ ಭಾವನದು. ಭಾವನಿಗೆ ಪುಣೆ ಕ್ಯಾಂಪಿನಲ್ಲಿ ಸೂಟ್‌ಕೇಸಿನ ಅಂಗಡಿ. ಜೀವನವಿಡೀ ಬೇರೆಯವರಿಗೆ ಸೂಟ್‌ಕೇಸು ಕೊಟ್ಟು ಕಳಿಸಿ ಕಳಿಸಿ, ತಾನೂ ಒಮ್ಮೆ ಒಂದನ್ನು ತುಂಬಿಕೊಂಡು ಹೊರಡಬೇಕು ಎಂಬ ಹಟ ಅವನಿಗೆ ಹುಟ್ಟಿತ್ತು. ನಾಲ್ಕು ಜನ ಹೋಗುವುದು, ಅವನು, ವೈನಿ, ಸುಮಿತ್ರಾ, ನಾನು, ಎಂದು ಅವನೇ ನಿರ್ಧರಿಸಿಬಿಟ್ಟ. ತಕರಾರು ಬಂದದ್ದು ಊಟದ ಬಗ್ಗೆ. ವೈನಿ, ಅಂದರೆ ಭಾವನ ಹೆಂಡತಿ, ಪರರ ಬಾಣಲೆಯಲ್ಲಿ ಏನು ಕರಿದಿರುತ್ತಾರೋ ಎಂಬ ಸಂಶಯದಿಂದ ಮಹಾಬಳೇಶ್ವರದಲ್ಲೂ ಬರೀ ಬಾಳೆಹಣ್ಣು ತಿಂದು ಬಂದವರು. ಭಾವ ಒಂದು ದಿನ ಫೋನಿನಲ್ಲಿ ಒಂದು ಚಿತ್ರ ಹಿಡಿದುಕೊಂಡು ಬಂದ. "ನೋಡ್ರಿ ಶ್ರೀಪಾದರಾವ್, ಇದಕ್ಕ ನ್ಯಾರೋಬೋಟ್ ಅಂತಾರ. ಒಳಗ ಮನಿ ಅದ, ಮನ್ಯಾಗ ಗ್ಯಾಸ್ ಅದ. ನಿಮ್ಮ ವೈನಿ ಭಕ್ರಿ ಬಡಕೋತ ಇಂಗ್ಲೆಂಡ್ ನೋಡಬಹುದು" ಎಂದ. ರೈಲಿನ ಒಂದು ಡಬ್ಬಿಯನ್ನು ಇನ್ನಷ್ಟು ಕಿರಿದು ಮಾಡಿ ನೀರಿಗೆ ಇಳಿಸಿದ ಹಾಗೆ ಇತ್ತು ಅದು. ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ, ತವೆ ಎಲ್ಲ ಭಾವನ ಅಂಗಡಿಯ ಅತಿ ಗಟ್ಟಿ ಸೂಟ್‌ಕೇಸಿನಲ್ಲಿ ಕೂತವು. ದಾರಿಯಲ್ಲಿ ಸುರಂಗ ಇದೆ ಎಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಬೋಲ್ಟಿಗೆ ಮೂರು ಕಡೆ ವಿಚಾರಿಸುವ ಮನುಷ್ಯ ಕಾಲುವೆಯ ಬಗ್ಗೆ ಒಂದು ಕಡೆಯೂ ವಿಚಾರಿಸಲಿಲ್ಲ.

ದೋಣಿ ಬಾಡಿಗೆ ಕೊಟ್ಟವನು ಕೆಂಪು ಗಡ್ಡದ, ಶಾಂತ ಸ್ವಭಾವದ ಮನುಷ್ಯ. ದೋಣಿಯ ಹಿಂಬದಿಯಲ್ಲಿ ನಿಂತು ಒಂದು ಉದ್ದನೆಯ ಹಿಡಿಕೆಯನ್ನು ಹಿಡಿಯಬೇಕು, ಅದೇ ಚುಕ್ಕಾಣಿ, ದೋಣಿ ಬಲಕ್ಕೆ ಹೋಗಬೇಕಾದರೆ ಅದನ್ನು ಎಡಕ್ಕೆ ತಳ್ಳಬೇಕು, ಎಡಕ್ಕೆ ಹೋಗಬೇಕಾದರೆ ಬಲಕ್ಕೆ ಎಂದು ತೋರಿಸಿಕೊಟ್ಟ. ಎದುರಿಗೆ ದೋಣಿ ಬಂದರೆ ನೀವು ಬಲಗಡೆ ಸರಿಯಿರಿ ಎಂದ. ಇಡೀ ಜನ್ಮ ಎಡಗಡೆ ಗಾಡಿ ಓಡಿಸಿದವರಿಗೆ ಈ ಮಾತು ಹೇಳುವಾಗ ಅವನಿಗೆ ಒಂಚೂರೂ ಕನಿಕರ ಬರಲಿಲ್ಲ. ಸುರಂಗದಲ್ಲಿ ಒಂದೇ ಒಂದು ನಿಯಮ, ಏನೇ ಆಗಲಿ ಚುಕ್ಕಾಣಿಯಿಂದ ಕೈ ತೆಗೆಯಬಾರದು ಎಂದೂ ಹೇಳಿದ. ಸುರಂಗ ಎಂಬ ಶಬ್ದ ಕಿವಿಗೆ ಬಿದ್ದದ್ದು ಆಗಲೇ. ನೀರಿಗೆ ಬಿದ್ದರೆ ಏನು ಗತಿ ಎಂದು ಕೇಳಿದೆ. "ಎದ್ದು ನಿಲ್ಲಿ, ನೀರು ಸೊಂಟದ ಮಟ್ಟ" ಎಂದ. ನನಗೇನೂ ಸಮಾಧಾನ ಆಗಲಿಲ್ಲ. ಸುರಂಗದಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ಎದ್ದು ನಿಂತು ಆಮೇಲೆ ಏನು ಮಾಡುವುದು?

ಮೊದಲ ದಿನಗಳಲ್ಲಿ ಭಾವನೇ ಚುಕ್ಕಾಣಿ ಹಿಡಿದ. ನಾನು ಒಳಗೆ ಕೂತು ಕಿಟಕಿಯಿಂದ ಸಲಹೆ ಕೊಡುತ್ತಿದ್ದೆ. ದಂಡೆಯ ಮೇಲೆ ವಾಕಿಂಗಿಗೆ ಬಂದ ಮುದುಕರು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದರು, ಒಂದು ನಾಯಿಯಂತೂ ನಮಗಾಗಿ ಕಾದು ನಿಂತು ಬೇಸರಪಟ್ಟು ಹೊರಟುಹೋಯಿತು. ಹೀಗೆ ಆರಾಮಾಗಿ ಇದ್ದಾಗಲೇ, ಸುರಂಗದ ದಿನ ಬೆಳಿಗ್ಗೆ, ಭಾವ ಜೋಳದ ಹಿಟ್ಟಿನ ಸೂಟ್‌ಕೇಸನ್ನು ಆಚೆ ಸರಿಸಲು ಬಗ್ಗಿದ. ಬಗ್ಗಿದವನು ಹಾಗೇ ಉಳಿದ. "ಅಯ್ಯಯ್ಯೋ, ಸೊಂಟ ಹಿಡೀತು!" ಎಂಬ ಅವನ ಕೂಗಿಗೆ ದಂಡೆಯ ಬಾತುಗಳು ಹಾರಿಹೋದವು. ಅವನನ್ನು ಹಾಸಿಗೆಯ ಮೇಲೆ ಮಲಗಿಸಿ ವೈನಿ ಬಿಸಿನೀರಿನ ಚೀಲ ಇಟ್ಟರು. ದೋಣಿಯನ್ನು ಮರುದಿನ ಸುರಂಗದ ಆಚೆಯ ಊರಿನಲ್ಲಿ ಒಪ್ಪಿಸಬೇಕಿತ್ತು. ಹಿಂದಕ್ಕೆ ತಿರುಗಿಸೋಣವೆಂದರೆ ದೋಣಿಯ ಉದ್ದ ಕಾಲುವೆಯ ಅಗಲಕ್ಕಿಂತ ಹೆಚ್ಚು. ಭಾವ ಮಲಗಿದಲ್ಲಿಂದಲೇ ನನ್ನ ಕೈ ಹಿಡಿದು, "ಶ್ರೀಪಾದರಾವ್, ಇನ್ನ ನೀವ ಗತಿ. ನಮ್ಮನ್ನ ದಾಟಸ್ರಿ" ಎಂದ. ಆ ದನಿಯಲ್ಲಿ ಕೇಳಿದರೆ ಹೇಗೆ ಇಲ್ಲ ಎನ್ನುವುದು? ಮೂರು ಜನರ ಜೀವ ನನ್ನ ಕೈಯಲ್ಲಿದೆ ಎಂದುಕೊಂಡೆ, ಮರುಕ್ಷಣವೇ ಆ ಮೂವರ ಬಗ್ಗೆ ನನಗೆ ತುಂಬ ಕನಿಕರ ಆಯಿತು.

ಗುಡ್ಡದ ಬುಡದಲ್ಲಿ ಇಟ್ಟಂಗಿಯ ಕಮಾನು ಕಂಡಿತು. ಒಳಗೆ ಮಸಿಯಂಥ ಕತ್ತಲೆ. ಆಚೆಯ ಬೆಳಕು ಕಾಣುತ್ತದೋ ಎಂದು ಬಗ್ಗಿ ನೋಡಿದೆ, ಕಾಣಲಿಲ್ಲ. ಒಮ್ಮೆ ಹಾರ್ನ್ ಬಾರಿಸಿ ಒಳಗೆ ನುಗ್ಗಿದೆ. ನುಗ್ಗಿದೆ ಎನ್ನುವುದು ದೊಡ್ಡ ಮಾತು, ಎಂಜಿನ್ನೇ ನುಗ್ಗಿಸಿತು. ಥಂಡಿ ಗಾಳಿ ಮುಖಕ್ಕೆ ಹೊಡೆಯಿತು, ಮೇಲಿಂದ ಒಂದು ಹನಿ ಸರಿಯಾಗಿ ಕಾಲರಿನೊಳಗೆ ಇಳಿಯಿತು. ಹಿಂದಿನ ಬೆಳಕು ಸಣ್ಣದಾಗುತ್ತ ಆಗುತ್ತ ಹೋಗಿ, ಕೊನೆಗೆ ನನ್ನ ಕೈ ನನಗೇ ಕಾಣದಾಯಿತು. ದೋಣಿಯ ಮುಂದಿನ ದೀಪ ಹಚ್ಚುವುದನ್ನೇ ಮರೆತಿದ್ದೆ. ತಡಕಾಡಿ, ಹಾರ್ನಿನ ಗುಂಡಿ ಒತ್ತಿ, ಮತ್ತಿನ್ನೇನೋ ಒತ್ತಿ, ಕೊನೆಗೆ ಸ್ವಿಚ್ಚು ಸಿಕ್ಕಿತು. ಭಗ್ಗನೆ ದೀಪ ಹತ್ತಿತು. ನಾನು ಕೂಡಲೇ ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ ನಮಸ್ಕಾರ ಮಾಡಿದೆ.

ಇದಕ್ಕೆ ಸ್ವಲ್ಪ ವಿವರಣೆ ಬೇಕು. ಕತ್ತಲಾದ ಮೇಲೆ ದೀಪ ಹತ್ತಿದರೆ ಕೈ ಮುಗಿಯಬೇಕು ಎಂಬುದು ನಮ್ಮ ಮನೆಯಲ್ಲಿ ಉಸಿರಾಟದ ಜೊತೆಗೇ ಕಲಿಸಿದ ಪಾಠ. ನಂದಾದೀಪವೇ ಆಗಬೇಕೆಂದಿಲ್ಲ, ಟ್ಯೂಬ್‌ಲೈಟಿಗೂ ನಡೆಯುತ್ತದೆ. ಕರೆಂಟು ಹೋಗಿ ಬಂದಾಗ ನಮ್ಮ ಬಿಲ್ಡಿಂಗಿನ ಹುಡುಗರು ಹೋ ಎಂದು ಕೂಗುತ್ತಿದ್ದರೆ ನಾನು ಕೈ ಮುಗಿಯುತ್ತಿರುತ್ತೇನೆ. ಒಮ್ಮೆ ಕಾರ್ಖಾನೆಯಲ್ಲಿ ಕರೆಂಟು ಹೋಗಿ ಜನರೇಟರ್ ಶುರುವಾದಾಗ ನಾನು ಕೈ ಮುಗಿದ ಕಡೆಗೆ ಸರಿಯಾಗಿ ನಮ್ಮ ಮ್ಯಾನೇಜರ್ ನಿಂತಿದ್ದರು. "ಅರೇ, ಬಸಾ, ಬಸಾ" ಎಂದು ಅವರು ಸಂಕೋಚದಿಂದ ನನ್ನನ್ನು ಕೂರಿಸಿದರು. ಅಂದಿನಿಂದ ನನ್ನ ರಜೆಯ ಅರ್ಜಿಗಳು ಬೇಗ ಮಂಜೂರಾಗುತ್ತಿವೆ. ಹೀಗೆ ಜನ್ಮವಿಡೀ ಲಾಭ ತಂದ ಅಭ್ಯಾಸವೇ ಸುರಂಗದಲ್ಲಿ ಕೈ ಕೊಟ್ಟಿತು. ನಾನು ಕಣ್ಣು ತೆರೆಯುವ ಮೊದಲೇ ಧಡ್ ಎಂಬ ಶಬ್ದವಾಗಿ ದೋಣಿಯ ಮೂಗು ಗೋಡೆಗೆ ಬಡಿಯಿತು. ಒಳಗಿಂದ ಪಾತ್ರೆಗಳು ಉರುಳುವ ಸದ್ದು, ಅದರ ಹಿಂದೆ ಭಾವನ ನರಳಾಟ, ಅದರ ಹಿಂದೆ ಸುಮಿತ್ರಾ. ಟಾರ್ಚ್ ಹಿಡಿದು ಮೆಟ್ಟಿಲೇರಿ ಬಂದವಳು, "ಏನಾತ್ರೀ?" ಎಂದಳು. ಏನೂ ಇಲ್ಲ, ಗಾಳಿ ಎಂದೆ. ಸುರಂಗದೊಳಗೆ ಎಂಥ ಗಾಳಿ ಎಂದು ಅವಳು ಕೇಳಲಿಲ್ಲ. ಟಾರ್ಚನ್ನು ನನ್ನ ಮುಖಕ್ಕೆ ಬಿಟ್ಟಳು, ಮುಂದಿನ ದೀಪ ನೋಡಿದಳು. "ದೀಪಕ್ಕ ಕೈ ಮುಗದ್ರೇನು?" ಎಂದಳು. ನಾನು ಚುಕ್ಕಾಣಿಯನ್ನು ಎದೆಗೆ ಅವಚಿಕೊಂಡೆ. ಅವಳು ಒಳಗೆ ಹೋಗಲಿಲ್ಲ, ನನ್ನ ಪಕ್ಕದಲ್ಲೇ ನಿಂತಳು. ಅವಳು ಪಕ್ಕದಲ್ಲಿದ್ದರೆ ನನಗೆ ಎಷ್ಟು ಹಿತ ಎಂಬುದನ್ನು ಮದುವೆಯಾದ ಇಷ್ಟು ವರ್ಷದಲ್ಲಿ ನಾನು ಅವಳಿಗೆ ಹೇಳಿಲ್ಲ, ಆವತ್ತೂ ಹೇಳಲಿಲ್ಲ.

ದೋಣಿ ಗೋಡೆಗೆ ಮೈ ಉಜ್ಜುತ್ತ ಸಾಗಿತು. ಎಷ್ಟು ಹೊತ್ತು ಸಾಗಿದರೂ ಅದೇ ಇಟ್ಟಂಗಿ, ಅದೇ ಹನಿ. ಈ ಕಡೆಯ ಬಾಯಿಯೂ ಇಲ್ಲ, ಆ ಕಡೆಯ ಬಾಯಿಯೂ ಇಲ್ಲ. ಗುಡ್ಡದ ಮೇಲೆ ಈಗ ಯಾರಾದರೂ ಭಾರವಾದ ಟ್ರ್ಯಾಕ್ಟರ್ ಓಡಿಸುತ್ತಿದ್ದರೆ ಎಂದು ಒಂದು ಯೋಚನೆ ಬಂತು. ಅದು ಹೋಗುವ ಮೊದಲೇ ಎಂಜಿನ್ ನಿಂತರೆ ಎಂದು ಇನ್ನೊಂದು ಬಂತು. ಬಾಯಲ್ಲಿ ವಿಷ್ಣುಸಹಸ್ರನಾಮ ಶುರು ಮಾಡಿದೆ, ಆದರೆ ಗಾಬರಿಯಲ್ಲಿ ಮೊದಲ ನಾಲ್ಕು ಹೆಸರುಗಳನ್ನೇ ತಿರುಗಾ ಮುರುಗಾ ಹೇಳುತ್ತಿದ್ದೆ. ಅಷ್ಟರಲ್ಲಿ ದೂರದಲ್ಲಿ, ಕತ್ತಲೆಯ ನಟ್ಟನಡುವೆ, ಒಂದು ಬೆಳ್ಳಗಿನ ಚುಕ್ಕೆ ಕಂಡಿತು. ಸುರಂಗದ ಬಾಯಿ! "ಸುಮಿತ್ರಾ, ಬೆಳಕ ಬಂತ ನೋಡ!" ಎಂದು ಕೂಗಿದೆ. ಎರಡೂ ಕೈಗಳು ತಾವಾಗಿಯೇ ಮೇಲೆದ್ದು ಜೋಡಿಕೊಂಡವು.

ಅದು ಸುರಂಗದ ಬಾಯಿಯಾಗಿರಲಿಲ್ಲ. ಎದುರಿಗೆ ಬರುತ್ತಿದ್ದ ದೋಣಿಯ ದೀಪವಾಗಿತ್ತು. ಸುರಂಗದ ಬಾಯಿ ತಾನಾಗಿ ಹತ್ತಿರ ಬರುವುದಿಲ್ಲ, ಇದು ಬರುತ್ತಿತ್ತು. ನಮ್ಮ ದೋಣಿ ನಿಧಾನವಾಗಿ, ಬಹಳ ಮರ್ಯಾದೆಯಿಂದ, ಅಡ್ಡ ತಿರುಗತೊಡಗಿತು. ನಾನು ಕೈ ಜೋಡಿಸಿಕೊಂಡೇ ನಿಂತಿದ್ದೆ. ಈಗ ಅದು ಭಕ್ತಿಯಲ್ಲ, ಕೈಗಳು ಹೆಪ್ಪುಗಟ್ಟಿದ್ದವು, ಬಿಡಿಸಲು ಬರುತ್ತಿರಲಿಲ್ಲ. "ಸರೀರಿ ಅತ್ಲಾಗ!" ಎಂದು ಸುಮಿತ್ರಾ ನನ್ನನ್ನು ಮೊಣಕೈಯಿಂದ ತಳ್ಳಿ ಚುಕ್ಕಾಣಿ ಹಿಡಿದಳು. ಪೂರ್ತಿ ಎಡಕ್ಕೆ ನೂಕಿದಳು. ದೋಣಿ ಒಂದು ಕ್ಷಣ ಯೋಚಿಸಿ, ಮೂಗನ್ನು ಬಲಕ್ಕೆ ತಿರುಗಿಸಿ, ಗೋಡೆಯ ಪಕ್ಕಕ್ಕೆ ಸರಿಯಿತು. ಎದುರಿನ ದೋಣಿ ನಮ್ಮ ಪಕ್ಕದಲ್ಲೇ ಒಂದು ಗೇಣು ಅಂತರದಲ್ಲಿ ಜಾರಿಹೋಯಿತು. ಅದನ್ನು ನಡೆಸುತ್ತಿದ್ದವಳು ಉಣ್ಣೆಯ ಟೊಪ್ಪಿಗೆಯ ಒಬ್ಬ ಅಜ್ಜಿ, ಚುಕ್ಕಾಣಿಗೆ ಸೊಂಟ ಆನಿಸಿ ಚಹಾ ಕುಡಿಯುತ್ತಿದ್ದಳು. ಕೈ ಮುಗಿದು ನಿಂತ ನನ್ನನ್ನು ನೋಡಿ, ಇದು ನಮ್ಮ ಕಡೆಯ ಶಿಷ್ಟಾಚಾರ ಇರಬೇಕೆಂದು ತಿಳಿದು, ಬಹಳ ಗೌರವದಿಂದ ತಲೆ ಬಾಗಿಸಿದಳು.

"ಇನ್ನ ಇದನ್ನ ನಾ ಹಿಡೀತೀನಿ. ನೀವು ಬೇಕಾದಷ್ಟ ಕೈ ಮುಗೀರಿ" ಎಂದಳು ಸುಮಿತ್ರಾ. ಎಡಕ್ಕೆ ತಳ್ಳಿದರೆ ಬಲಕ್ಕೆ ಹೋಗುವ ಈ ಲೆಕ್ಕ ನಿನಗೆ ಅಷ್ಟು ಬೇಗ ಹೇಗೆ ತಿಳಿಯಿತು ಎಂದು ನಾನು ಕೇಳಿದೆ. ಅವಳು ಮುಂದಿನ ಕತ್ತಲೆಯಿಂದ ಕಣ್ಣು ತೆಗೆಯದೆ, "ಅದರಾಗೇನದ? ನಿಮ್ಮ ಜೋಡಿ ಸಂಸಾರ ಮಾಡಿ ರೂಢಿ ಆಗೇದ. ನೀವು ಬಲಕ್ಕ ಬರಬೇಕಾದ್ರ ಎಡಕ್ಕ ನಡೀರಿ ಅಂತನ ಅನಬೇಕು" ಎಂದಳು. ಸುರಂಗದ ಉಳಿದ ಭಾಗವನ್ನು ನಾನು ಅವಳ ಸ್ವೆಟರಿನ ತುದಿ ಹಿಡಿದುಕೊಂಡು ದಾಟಿದೆ. ನಿಜವಾದ ಬಾಯಿ ಬಂದಾಗ, ಹಸಿರು, ಬಿಸಿಲು, ಕುರಿಗಳು ಎಲ್ಲ ಒಟ್ಟಿಗೇ ಕಣ್ಣಿಗೆ ಬಿದ್ದಾಗ, ನನಗೆ ಅಳು ಬಂತು. ಸುಮಿತ್ರಾ ನಗುತ್ತಿದ್ದಳು. ಒಳಗಿಂದ ಭಾವ, "ಶಾಭಾಸ್ ಶ್ರೀಪಾದರಾವ್!" ಎಂದು ಕೂಗಿದ. ಇಬ್ಬರೂ ಸುಮ್ಮನಿದ್ದೆವು. ಅವಳು ಸುಮ್ಮನಿದ್ದದ್ದು ದೊಡ್ಡತನ, ನಾನು ಸುಮ್ಮನಿದ್ದದ್ದು ಬೇರೆ.

ಪುಣೆಗೆ ಬಂದ ಮೇಲೆ ಡ್ರೈವಿಂಗ್ ಕ್ಲಾಸಿನ ಬಗ್ಗೆ ಉಪನ್ಯಾಸ ಕೊಡಲು ನನಗೆ ಬಾಯಿ ಬರಲಿಲ್ಲ. ಸುಮಿತ್ರಾ ಬಿಬವೇವಾಡಿಯಲ್ಲೇ ಕಲಿತಳು. ಕಲಿಸುವವನು "ಕಾಕೂ, ಏಕದಮ್ ಛಾನ್!" ಎಂದು ಹೊಗಳುತ್ತಿದ್ದನಂತೆ. ಈ ದೀಪಾವಳಿಗೆ ಬೆಳಗಾವಿಗೆ ಹೊರಟಾಗ ಅವಳೇ ಗಾಡಿ ಹಿಡಿದಳು. ಹಳೆಯ ಘಾಟಿನ ತಿರುವು ಬಂತು, ಹೋಯಿತು. ಅವಳು ಆ ಕಡೆ ನೋಡಲೂ ಇಲ್ಲ. ಕಾತ್ರಜದ ಸುರಂಗ ನಮ್ಮನ್ನು ನುಂಗಿತು, ಒಳಗೆ ಸಾಲು ದೀಪಗಳು ಒಂದರ ಹಿಂದೊಂದು ತಲೆಯ ಮೇಲೆ ಹಾಯತೊಡಗಿದವು. ಸುಮಿತ್ರಾ ಸ್ಟಿಯರಿಂಗ್ ಬಿಡದೆ ಹೇಳಿದಳು: "ಏನ್ರೀ, ಇಷ್ಟ ದೀಪ ಹತ್ಯಾವ. ನಿಮ್ಮ ಕೈ ಖಾಲಿ ಅವ ಅಲ್ಲಾ, ನನ್ನ ಪಾಲಿಂದೂ ಸೇರಿಸಿ ಮುಗದಬಿಡ್ರಿ."

ಮುಗಿಯುವ ಮನಸ್ಸು ನನಗೂ ಇತ್ತು. ಆದರೆ ಬಾಗಿಲಿನ ಮೇಲಿನ ಹಿಡಿಕೆಯನ್ನು ಸುರಂಗ ಕಂಡಾಗಿನಿಂದ ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದೆ, ಏನು ಮಾಡಿದರೂ ಬಿಡಲು ಆಗಲಿಲ್ಲ.