ಕ್ಯಾಪ್ಟನ್ ದಡಕ್ಕಿಳಿದ ಶುಕ್ರವಾರ

ಕಾಲುವೆಯಲ್ಲಿ ಗಂಡಸರು ದೋಣಿ ನಡೆಸುತ್ತಾರೆ, ಹೆಂಗಸರು ದಡಕ್ಕೆ ಹಾರಿ ಲಾಕಿನ ಬಾಗಿಲು ತಳ್ಳುತ್ತಾರೆ. (ಲಾಕ್ ಅಂದರೆ ಎರಡೂ ತುದಿಗೆ ಬಾಗಿಲಿರುವ ತೊಟ್ಟಿ; ನೀರು ತುಂಬಿಸಿ ಇಳಿಸಿ ದೋಣಿಯನ್ನು ಕಾಲುವೆಯ ಒಂದು ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವುದು.) ಈ ಏರ್ಪಾಡು ಯಾವ ಪುಣ್ಯಾತ್ಮ ಮಾಡಿದ್ದೋ, ಮರ್ವಿನ್‌ಗೆ ಬಹಳ ಹಿಡಿಸಿತ್ತು. ದೋಣಿಯ ವೇಗ ಮನುಷ್ಯನ ನಡಿಗೆಯಷ್ಟು. (ದಡದಲ್ಲಿ ನಾಯಿ ಅಡ್ಡಾಡಿಸುವ ಮುದುಕರು ಅದನ್ನು ಹಿಂದೆ ಹಾಕಿ, ಟೋಪಿ ಎತ್ತಿ ನಮಸ್ಕರಿಸಿ ಹೋಗುತ್ತಾರೆ.) ಆದರೂ ಚುಕ್ಕಾಣಿ ಹಿಡಿದ ಮರ್ವಿನ್‌ನ ಮುಖದಲ್ಲಿ ಸಪ್ತಸಾಗರ ದಾಟುವವನ ಗಾಂಭೀರ್ಯ ಇರುತ್ತಿತ್ತು.

ಪ್ರತಿ ಬೇಸಿಗೆಯಂತೆ ಈ ಸಲವೂ ನಾಲ್ವರು ವಾರದ ರಜೆಗೆ ಬಂದಿದ್ದರು: ಮರ್ವಿನ್, ಹೆಂಡತಿ ಗ್ಲೆನಿಸ್, ಆಕೆಯ ತಂಗಿ ಡೋರೀನ್, ತಂಗಿಯ ಗಂಡ ನೆವಿಲ್. ಬೆಳಗಾದರೆ ಬಾಡಿಗೆ ದೋಣಿ, ಸ್ಯಾಂಡ್‌ವಿಚ್ ಬುಟ್ಟಿ, ಸಂಜೆಗೆ ವಾಪಸ್ಸು. ನೆವಿಲ್‌ಗೆ ಚಹಾ ಕುಡಿಯುವುದರ ಆಚೆ ಯಾವ ಮಹತ್ವಾಕಾಂಕ್ಷೆಯೂ ಇರಲಿಲ್ಲ.

ಕೊನೆಯ ದಿನ, ಶುಕ್ರವಾರ, ಗ್ಲೆನಿಸ್ ಹೇಳಿದಳು: "ಇವತ್ತು ಚುಕ್ಕಾಣಿ ನಂಗೆ ಕೊಡು."

"ಹುಡುಗಾಟ ಅಲ್ಲ ಕಣೇ ಇದು."

"ನಿನ್ನೆ ಸೇತುವೆಗೆ ಗುದ್ದಿದ್ಯಲ್ಲ, ಅದು ಯಾವ ಆಟ?"

"ಗುದ್ದಿಲ್ಲ. ಸವರ್ಕೊಂಡು ಹೋದೆ."

"ಡೋರೀನ್ ಬಿದ್ದಿದ್ದು ಬ್ರೆಡ್ ಬುಟ್ಟಿ ಮೇಲೆ, ಪುಣ್ಯ. ವಾರವೆಲ್ಲ ಬಾಗಿಲು ತಳ್ಳಿ ನನ್ನ ಸೊಂಟ ಬಿದ್ದೋಯ್ತು."

"ಬಾಗಿಲು ತೆಗೆಯೋದು, ಮುಚ್ಚೋದು. ಅದೇನು ಬ್ರಹ್ಮವಿದ್ಯೆನಾ? ಮುಂದಿನ ಲಾಕ್ ನಾನೇ ಮಾಡಿ ತೋರಿಸ್ತೀನಿ."

"ಸರಿ. ಯಾರ ಸಹಾಯಾನೂ ಇಲ್ದೆ ಮಾಡಿದ್ರೆ ಮುಂದಿನ ವರ್ಷಾನೂ ಚುಕ್ಕಾಣಿ ನಿಂದೇ. ಇಲ್ಲಾಂದ್ರೆ ನಂದು."

"ಒಪ್ಪಿದೆ. ಆದ್ರೆ ಮಧ್ಯೆ ನೀನು ಬಾಯಿ ಹಾಕಬಾರದು."

"ಹಾಕಲ್ಲ," ಎಂದಳು ಗ್ಲೆನಿಸ್, ತೀರಾ ಸಾಧುವಾಗಿ. ಆ ಸಾಧುತನಕ್ಕೆ ಮರ್ವಿನ್ ಹೆದರಬೇಕಿತ್ತು.

ಲಾಕಿನ ಪಕ್ಕದ ಬೆಂಚಿನಲ್ಲಿ ಐಸ್‌ಕ್ರೀಂ ತಿನ್ನುವ ಜನ ತುಂಬಿದ್ದರು. ಮೇಲಿನ ಬಾಗಿಲಿನ ಕಿಂಡಿ ತೆರೆದು, ಕಾಲುವೆಯ ನೀರು ಬಿಟ್ಟು ಮರ್ವಿನ್ ತೊಟ್ಟಿ ತುಂಬಿಸಿದ. ಗ್ಲೆನಿಸ್ ದೋಣಿಯನ್ನು ಒಳಗೆ ತಂದಳು. ಅವನು ಹಿಂದಿನ ಬಾಗಿಲು ಮುಚ್ಚಿ, ಕಿಂಡಿ ತಿರುಗಿಸುವ ಕಬ್ಬಿಣದ ಹಿಡಿಕೆ ಬೀಸುತ್ತ ಗತ್ತಿನಿಂದ ಮುಂದಿನ ಬಾಗಿಲಿಗೆ ಹೋಗಿ ಅಲ್ಲಿನ ಕಿಂಡಿ ತೆರೆದ. ಈಗ ನೀರು ಹರಿದುಹೋಗಿ ದೋಣಿ ಕೆಳಗಿಳಿಯಬೇಕು.

ಗೇಣುದ್ದ ಇಳಿದು ನಿಂತಿತು.

ಮರ್ವಿನ್ ಕಾದ. ಆಮೇಲೆ ಬಾಗಿಲಿನ ತೊಲೆಗೆ ಬೆನ್ನು ಕೊಟ್ಟು ತಳ್ಳಿದ. ಭುಜ ಕೊಟ್ಟ. ಕೊನೆಗೆ, ಹೇಳಲು ಸಂಕೋಚವಾಗುವ ಭಾಗವನ್ನೂ ಕೊಟ್ಟ. ಬಾಗಿಲು ಕದಲಲಿಲ್ಲ.

"ಒಳ್ಳೇ ಬಿಸಿಲು," ಎಂದರು ಬೆಂಚಿನ ಅಜ್ಜಿ.

"ಹೌದು," ಎಂದ ಮರ್ವಿನ್, ಬೆವರು ಒರೆಸಿಕೊಳ್ಳುತ್ತ.

ದೋಣಿಯಲ್ಲಿ ಗ್ಲೆನಿಸ್ ಚಹಾ ಬಗ್ಗಿಸಿದಳು. ನೆವಿಲ್ ಎರಡನೇ ಕಪ್ ಮುಗಿಸಿದ. ಹಿಂದೆ ಇನ್ನೂ ಮೂರು ದೋಣಿ ಬಂದು ನಿಂತವು. ಅವುಗಳ ಗಂಡಸರೂ ಮರ್ವಿನ್‌ಗೆ ಬಿಸಿಲಿನ ವಿಚಾರವನ್ನೇ ತಿಳಿಸಿದರು.

"ಬಾಗಿಲು ಜಾಮ್ ಆಗಿದೆ," ಎಂದು ಅವನು ಘೋಷಿಸಿದ. "ಇಲಾಖೆಯವರನ್ನ ಕರೆಸಬೇಕು."

ಅಜ್ಜಿ ಐಸ್‌ಕ್ರೀಂ ಕೋನಿನ ತುದಿಯನ್ನು ಬಾಯಿಗೆ ಹಾಕಿಕೊಂಡು, ಕೈ ಒರೆಸಿ ಎದ್ದರು. "ತಪ್ಪು ತಿಳ್ಕೋಬೇಡಿ. ಹಿಂದಿನ ಬಾಗಿಲಿನ ಕಿಂಡಿ ಇನ್ನೂ ತೆರೆದೇ ಇದೆ. ಅಲ್ಲಿಂದ ಬಂದಷ್ಟೂ ಇಲ್ಲಿಂದ ಹೋಗ್ತಿದೆ. ನೀವು ಬೇಕಂತಲೇ ಹಾಗೆ ಇಟ್ಟಿದೀರೇನೋ ಅಂತ ನಾವು ಮಾತಾಡಲಿಲ್ಲ."

ಬೆಂಚಿಗೆ ಬೆಂಚೇ ತಲೆಯಾಡಿಸಿತು. ಅವರೆಲ್ಲರಿಗೂ ಮೊದಲಿನಿಂದಲೇ ಗೊತ್ತಿತ್ತು. ಪರಿಚಯವಿಲ್ಲದ ಮನುಷ್ಯನಿಗೆ ಹೇಗೆ ಹೇಳುವುದು?

ಮರ್ವಿನ್ ಹೋಗಿ ಹಿಂದಿನ ಕಿಂಡಿ ಮುಚ್ಚಿದ. ತೊಟ್ಟಿಯ ನೀರು ಸದ್ದಿಲ್ಲದೆ ಕೆಳಗಿನ ಕಾಲುವೆಯ ಮಟ್ಟಕ್ಕೆ ಇಳಿಯಿತು. ಆಮೇಲೆ ತಳ್ಳಿದರೆ ಬಾಗಿಲು ಬೆಣ್ಣೆಯಂತೆ ಸರಿಯಿತು. ಗ್ಲೆನಿಸ್ ಗೋಡೆಗೆ ಒಂದಿಷ್ಟೂ ತಾಕಿಸದೆ ದೋಣಿಯನ್ನು ಹೊರಕ್ಕೆ ಒಯ್ದು, ಮುಂದಿನ ಸೇತುವೆಯ ಕಿರಿದಾದ ಕಮಾನಿನೊಳಗೆ ನುಗ್ಗಿಸಿ, ಆಚೆಯ ತಿರುವನ್ನೂ ದಾಟಿಸಿದಳು. ನಲವತ್ತು ವರ್ಷ ಸಂಸಾರ ಮಾಡಿದ ಹೆಂಡತಿ ಹೀಗೂ ಕಾಣುತ್ತಾಳೆಂದು ಮರ್ವಿನ್‌ಗೆ ಗೊತ್ತಿರಲಿಲ್ಲ. ಸೋತಿದ್ದನ್ನು ಮರೆತು ಅವನ ಎದೆ ಉಬ್ಬಿತು.

"ನನ್ನ ಹೆಂಡತಿ," ಎಂದ ಅಜ್ಜಿಗೆ. "ಎಲ್ಲಾ ನನ್ನನ್ನ ನೋಡಿ ಕಲಿತಿದ್ದು."

"ಛೆ, ಹಾಗನ್ಬೇಡಿ," ಎಂದರು ಅಜ್ಜಿ ಸಮಾಧಾನದ ದನಿಯಲ್ಲಿ. "ಎಷ್ಟು ಚೆನ್ನಾಗಿ ನಡೆಸ್ತಾರೆ ಪಾಪ."

ತಿರುವಿನಾಚೆಯಿಂದ ನೆವಿಲ್‌ನ ಕೂಗು ಕೇಳಿಸಿತು. ಆ ವಾರವಿಡೀ ಅವನು ದನಿಯೆತ್ತಿದ್ದು ಅದೊಂದೇ ಸಲ.

"ಮರ್ವಿನ್, ಮುಂದೆ ಇನ್ನೂ ನಾಲ್ಕು ಲಾಕ್ ಇದೆ. ನಾವು ಬರೋಷ್ಟರಲ್ಲಿ ನೀನು ಓಡ್ಹೋಗಿ ಮೊದಲನೇದನ್ನ ತಯಾರು ಮಾಡಿಡ್ಬೇಕಂತೆ. ಕ್ಯಾಪ್ಟನ್ ಹೇಳಿದಾರೆ."