ನಾನು ಖಡಾಖಂಡಿತವಾಗಿ ಅಲ್ಲಗಳೆದ ಕುರ್ಚಿ

ಮೊದಲೇ ಹೇಳಿಬಿಡುತ್ತೇನೆ. ತಪ್ಪು ಆ ಪದದ್ದಲ್ಲ. ಅದರ ಅರ್ಥ ನನಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತಿದೆ. ಯಾರು ಬೇಕಾದರೂ ಬಂದು ಪರೀಕ್ಷೆ ಮಾಡಬಹುದು!

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಟರ್ನರ್. ಲೇತ್ ಮೆಷಿನ್ನಿನ ಮುಂದೆ ದಿನಕ್ಕೆ ಎಂಟು ಗಂಟೆ ನಿಲ್ಲುವ ಕೆಲಸ. ಎಂಟು ವರ್ಷ ನಿಂತ ಮೇಲೆ ನನ್ನ ಎರಡು ಮಂಡಿಗಳೂ ಒಟ್ಟಾಗಿ ಮುಷ್ಕರ ಹೂಡಿದ್ದವು. ಬಾಗಲಗುಂಟೆಯ ಬಾಡಿಗೆ ಮನೆಯಲ್ಲಿ ದಿನಾ ಸಂಜೆ ನನ್ನ ಹೆಂಡತಿ ಶಾರದ ಹರಳೆಣ್ಣೆ ಬಿಸಿ ಮಾಡಿ ಮಂಡಿಗೆ ತಿಕ್ಕುತ್ತಾ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಯಾವಾಗ್ರೀ ನೀವು ಚಾರ್ಜ್‌ಹ್ಯಾಂಡ್ ಆಗೋದು? ಅವ್ರಿಗೆ ಕೂತ್ಕೊಳ್ಳೋಕೆ ಕುರ್ಚಿ ಕೊಡ್ತಾರಂತಲ್ಲ!"

ಕೊಡುತ್ತಿದ್ದರು. ನಮ್ಮ ಶಾಪಿನಲ್ಲಿ, ಅಂದರೆ ಲೇತ್‌ಗಳಿದ್ದ ವಿಭಾಗದಲ್ಲಿ, ಕೂರುವ ಹಕ್ಕು ಇದ್ದದ್ದು ಇಬ್ಬರಿಗೆ ಮಾತ್ರ. ಒಬ್ಬರು ಫೋರ್‌ಮನ್ ಗೋವಿಂದಪ್ಪನವರು, ಇನ್ನೊಬ್ಬರು ಅವರ ಕೈಕೆಳಗಿನ ಚಾರ್ಜ್‌ಹ್ಯಾಂಡ್. ಹಳೇ ಚಾರ್ಜ್‌ಹ್ಯಾಂಡ್ ರಿಟೈರ್ ಆಗಿ ಎರಡು ತಿಂಗಳಾಗಿತ್ತು. ಆ ಕಬ್ಬಿಣದ ಕುರ್ಚಿ ನನ್ನ ಮೆಷಿನ್ನಿನ ಎದುರಿಗೇ ಖಾಲಿ ಬಿದ್ದಿತ್ತು.

ಆ ಕುರ್ಚಿಗೆ ಇಂಗ್ಲಿಷ್ ಬೇಕು ಎಂದು ನಾನೇ ತೀರ್ಮಾನಿಸಿದೆ. ರಟ್ಟು ಕಿತ್ತುಹೋದ ಹಳೇ ಡಿಕ್ಷನರಿ ತಂದು ದಿನಕ್ಕೊಂದು ಪದ ಕಲಿಯತೊಡಗಿದೆ. 'ಸಿ' ಅಕ್ಷರಕ್ಕೆ ಬಂದಾಗ ಸಿಕ್ಕಿತು ನೋಡಿ, ಕ್ಯಾಟಗಾರಿಕಲಿ! ಅರ್ಥವೇನೋ ಡಿಕ್ಷನರಿಯಲ್ಲಿತ್ತು. ಬಳಕೆಯನ್ನು ಇಂಗ್ಲಿಷ್ ಪೇಪರ್ ನೋಡಿ ಕಲಿತೆ. ಮಂತ್ರಿಗಳ ಮೇಲೆ ಆರೋಪ ಬಂದಾಗಲೆಲ್ಲ ಅವರು ಬರೀ ಅಲ್ಲಗಳೆಯುತ್ತಿರಲಿಲ್ಲ, ಕ್ಯಾಟಗಾರಿಕಲಿ ಅಲ್ಲಗಳೆಯುತ್ತಿದ್ದರು. ಮರುದಿನ ಮತ್ತೆ ಮಂತ್ರಿಯಾಗಿಯೇ ಇರುತ್ತಿದ್ದರು!

ಟೀ ಹೊತ್ತಿನಲ್ಲಿ ಆ ಪದ ನನ್ನ ಬಾಯಿಂದ ಬಿದ್ದದ್ದೇ ಪಕ್ಕದ ಲೇತಿನ ರಂಗಸ್ವಾಮಿ ಕೇಳಿದ, "ಅಂಗಂದ್ರೆ ಏನ್ ಗುರು?"

ನಾನು ಲೋಟ ಕೆಳಗಿಟ್ಟು ಇಡೀ ಶಾಪಿಗೆ ಕೇಳುವಂತೆ ಹೇಳಿದೆ. "ಖಡಾಖಂಡಿತವಾಗಿ ಅಂತ ಮಗಾ. ಒಂದ್ಸಲ ಹೇಳಿದ್ಮೇಲೆ ಬ್ರಹ್ಮ ಬಂದ್ರೂ ವಾಪಸ್ ತಗೊಳ್ಳೋ ಹಾಗಿಲ್ಲ. ತಗೊಂಡ್ರೆ ಅದು ಕ್ಯಾಟಗಾರಿಕಲಿ ಅಲ್ವೇ ಅಲ್ಲ!"

ಈ ವಾಕ್ಯವನ್ನು ದಯವಿಟ್ಟು ನೆನಪಿನಲ್ಲಿಡಿ. ನಮ್ಮ ಶಾಪಿನವರು ಯಾರೂ ಮರೆಯಲಿಲ್ಲ.

ಆ ವಾರವೇ ನನಗೆ ಕಂದು ಕವರು ಬಂತು. ನಮ್ಮಲ್ಲಿ ಕಂದು ಕವರು ಎಂದರೆ ಮೆಮೊ. ಎಂಟು ವರ್ಷದಲ್ಲಿ ಆ ಕವರಿನಿಂದ ಬೈಗುಳವಲ್ಲದೆ ಬೇರೇನೂ ಹೊರಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಆಫೀಸ್ ಪ್ಯೂನ್ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಕವರು ಕೊಟ್ಟರೆ ಅಕ್ಕಪಕ್ಕದವರು ಮೆಷಿನ್ ನಿಲ್ಲಿಸಿ, ಸಾವಿನ ಮನೆಗೆ ಬಂದವರ ಹಾಗೆ ಸುತ್ತ ನಿಲ್ಲುತ್ತಿದ್ದರು. ಉತ್ತರವೂ ಅಷ್ಟೇ, ಸಿದ್ಧವಾಗಿರುತ್ತಿತ್ತು. "ತಪ್ಪಾಯಿತು, ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ" ಎಂಬ ಹಳೇ ಚೀಟಿಯೊಂದು ಟೂಲ್ ಕಪಾಟಿನಲ್ಲಿತ್ತು. ಯಾರಿಗೆ ಮೆಮೊ ಬಂದರೂ, ತಪ್ಪು ಏನೇ ಇದ್ದರೂ, ಅದನ್ನೇ ನಕಲು ಮಾಡಿ ಕೊಡುವುದು ಪದ್ಧತಿ.

ನಾನು ಕವರು ಹರಿದೆ. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಕಾಗದ. ಮೊದಲ ಸಾಲು, ನಿಮ್ಮ ಫೋರ್‌ಮನ್ ನಿಮ್ಮ ಬಗ್ಗೆ ವರದಿ ಸಲ್ಲಿಸಿದ್ದಾರೆ. ಕೊನೆಯ ಸಾಲು, ಮೂರು ದಿನದೊಳಗೆ ಉತ್ತರಿಸಿ. ಅಷ್ಟು ಸಾಕಾಯಿತು ನನಗೆ. ಮೈಯೆಲ್ಲ ಉರಿದುಹೋಯಿತು!

"ಯುಗಾದಿಗೆ ನಮ್ಮನೇಲಿ ಆರು ಹೋಳಿಗೆ ತಿಂದು ಹೋಗಿ ಚಾಡಿ ಬರ್ದಿದಾರೆ ನೋಡೋ!"

"ಮಧ್ಯದ್ದೂ ಓದು ಗುರು," ಅಂದ ರಂಗಸ್ವಾಮಿ.

"ಏನೋ ಓದೋದು? ಚಾಡೀಲಿ ಮಧ್ಯ ಬೇರೆ!"

ರಂಗಸ್ವಾಮಿ ಪದ್ಧತಿಯಂತೆ ಕಪಾಟಿನ ಚೀಟಿ ತಂದುಕೊಟ್ಟ. ಅದನ್ನು ನಾನು ತಳ್ಳಿಬಿಟ್ಟೆ. ಎಲ್ಲರ ಎದುರಿಗೇ ಬಿಳಿ ಹಾಳೆ ತೆಗೆದುಕೊಂಡು, ಫೋರ್‌ಮನ್ ನನ್ನ ಬಗ್ಗೆ ಬರೆದಿರುವ ಪ್ರತಿಯೊಂದು ವಿಷಯವನ್ನೂ ಕ್ಯಾಟಗಾರಿಕಲಿ ಅಲ್ಲಗಳೆಯುತ್ತೇನೆ ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಜಡಿದೆ. ಶಾಪಿನಲ್ಲಿ ಚಪ್ಪಾಳೆ ಬಿತ್ತು. ಕಾರ್ಖಾನೆ ಶುರುವಾದಾಗಿನಿಂದ ಕ್ಷಮೆ ಕೇಳದೆ ಹೋದ ಮೊದಲ ಉತ್ತರ ನನ್ನದು!

ಮರುದಿನ ಮ್ಯಾನೇಜರ್ ಕರೆಸಿದರು. ಪಕ್ಕದಲ್ಲಿ ಗೋವಿಂದಪ್ಪನವರು ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. ರೂಮಿನ ಗಾಜಿನ ಗೋಡೆಯ ಆಚೆ ಇಡೀ ಶಾಪು ನೆರೆದಿತ್ತು.

"ನಾಗರಾಜು, ಇವರು ಬರ್ದಿದ್ದೆಲ್ಲ ಸುಳ್ಳು ಅಂತೀರಾ?"

"ಕ್ಯಾಟಗಾರಿಕಲಿ, ಸಾರ್."

ಮ್ಯಾನೇಜರ್ ಮೆಮೊದ ಪ್ರತಿ ಎತ್ತಿಕೊಂಡು ಕನ್ನಡಕ್ಕೆ ತಿರುಗಿಸುತ್ತಾ ಓದಿದರು. "ಟೈಮಿಗೆ ಸರಿಯಾಗಿ ಬರ್ತಾರೆ ಅಂತಿದೆ. ಸುಳ್ಳಾ?"

ನಾನು ಕತ್ತು ಚಾಚಿ ಆ ಕಾಗದದ ಮಧ್ಯದ ಸಾಲುಗಳನ್ನು ಹುಡುಕಿದೆ.

"ಕೆಲಸ ಅಚ್ಚುಕಟ್ಟು ಅಂತಿದೆ. ಕುಡಿಯೋ ಅಭ್ಯಾಸ ಇಲ್ಲ ಅಂತಿದೆ. ಇದನ್ನೂ ಅಲ್ಲಗಳೀತೀರಾ? ನಿಮ್ಮನ್ನೇ ಚಾರ್ಜ್‌ಹ್ಯಾಂಡ್ ಮಾಡಿ ಅಂತ ಗೋವಿಂದಪ್ಪ ಕೇಳ್ಕೊಂಡಿದಾರೆ. ಒಪ್ಪಿಗೆ ಇದ್ರೆ ತಿಳಿಸಿ ಅಂತ ನಾನು ಬರ್ದಿದ್ದು!"

ಗೋವಿಂದಪ್ಪನವರ ಮುಖ ನೋಡಲು ನಾಚಿಕೆಯಾಯಿತು. ಮೆಲ್ಲಗೆ, "ತಪ್ಪಾಯ್ತು ಸಾರ್, ನಿಮ್ಮನ್ನ ಸುಮ್ನೆ ಅನುಮಾನಿಸ್ದೆ" ಎಂದೆ. ಅವರು ಕೂಡಲೇ ಕರಗಿಬಿಟ್ಟರು.

"ಹೋಗ್ಲಿ ಬಿಡಿ ಸಾರ್, ಇನ್ನೊಂದು ಕಾಗದ ಬರ್ಕೊಡ್ತಾನೆ. ವಾಪಸ್ ತಗೊಳ್ಳೋ ನಾಗರಾಜು."

ಮ್ಯಾನೇಜರ್ ಪೆನ್ನು ಮುಂದಿಟ್ಟರು. ಕುರ್ಚಿ ನನ್ನಿಂದ ಒಂದು ಸಹಿಯಷ್ಟೇ ದೂರದಲ್ಲಿತ್ತು! ಕೈಯನ್ನೂ ಚಾಚಿದೆ. ಅಷ್ಟರಲ್ಲಿ ಗಾಜಿನ ಆಚೆ ಕಣ್ಣು ಹೋಯಿತು. ರಂಗಸ್ವಾಮಿ ಮುಷ್ಟಿ ಎತ್ತಿ, "ಬಿಡಬೇಡ ಗುರು, ಬ್ರಹ್ಮ ಬಂದ್ರೂ ಬಿಡಬೇಡ!" ಎಂದು ಕೂಗುತ್ತಿದ್ದ. ಹಿಂದೆ ಮೂವತ್ತು ಜನ. ಒಬ್ಬೊಬ್ಬರೂ ನನ್ನ ಶಿಷ್ಯರು.

"ಆಗಲ್ಲ ಸಾರ್," ಎಂದೆ.

"ಯಾಕ್ರೀ?"

"ಕ್ಯಾಟಗಾರಿಕಲಿ ಅಂತ ಬರ್ದುಬಿಟ್ಟಿದೀನಿ ಸಾರ್."

ಗೋವಿಂದಪ್ಪನವರು ಹಣೆ ಚಚ್ಚಿಕೊಂಡರು.

ಮುಂದಿನ ತಿಂಗಳು ಅಂಥದೇ ಕಂದು ಕವರು ರಂಗಸ್ವಾಮಿಗೆ ಬಂತು. ಅವನು ಮಧ್ಯದ್ದನ್ನೂ ಓದಿದ. ಆಮೇಲೆ ದಿನಾ ಆ ಕುರ್ಚಿಯಲ್ಲಿ ಕೂತು, "ಗುರು, ಇವತ್ತಿನ ಪದ ಯಾವ್ದು?" ಎಂದು ವಿಚಾರಿಸುತ್ತಿದ್ದ. ವಿಚಾರಿಸಲಿ, ನನಗೇನು! ನನಗೆ ಪಶ್ಚಾತ್ತಾಪವಿಲ್ಲ. ಅಷ್ಟು ದೊಡ್ಡ ಪದವನ್ನು ಒಂದು ಕಬ್ಬಿಣದ ಕುರ್ಚಿಗೆ ಮಾರಿಕೊಳ್ಳಲಿಲ್ಲ ಎಂಬ ಹೆಮ್ಮೆ ನನಗಿದೆ.

ಈ ಹೆಮ್ಮೆಯನ್ನೇ, ಮ್ಯಾನೇಜರ್ ಕರೆಸಿದ್ದ ದಿನ ಸಂಜೆಯೇ, ಮನೆಯಲ್ಲಿ ಎದೆಯುಬ್ಬಿಸಿ ವಿವರಿಸಿದ್ದೆ. ಶಾರದ ಪೂರ್ತಿ ಕೇಳಿದಳು. ಪದದ ಅರ್ಥವನ್ನು ಎರಡು ಸಲ ಹೇಳಿಸಿಕೊಂಡಳು. ನಾನು ಗೋಡೆಗೊರಗಿ ಕಾಲು ಚಾಚಿ, "ಸ್ವಲ್ಪ ಎಣ್ಣೆ ಹಚ್ಚೇ, ಮಂಡಿ ಹಿಡ್ಕೊಂಡಿದೆ" ಎಂದೆ.

ಅವಳು ಎಣ್ಣೆ ಬಟ್ಟಲನ್ನು ಎತ್ತಿ ಅಟ್ಟದ ಮೇಲಿಟ್ಟಳು.

"ಕ್ಯಾಟಗಾರಿಕಲಿ ಆಗಲ್ಲ ಕಣ್ರೀ!"

ಅರ್ಥ, ಬಳಕೆ ಎರಡೂ ಸರಿಯಾಗಿತ್ತು. ಡಿಕ್ಷನರಿಯನ್ನೇ ಮುಟ್ಟದವಳು ಮೊದಲನೇ ಸಲಕ್ಕೇ ಪಾಸಾದಳು.