ಭಾವನಿಗೆ ಕಾಣದಂತೆ ಇಟ್ಟ ಸಾಮಾನು

ಭಾವ ಬಸ್ಸಿನಿಂದ ಇಳಿದರು. ನಾನು ಅವರ ಕೈಯಿಂದ ಚೀಲ ಇಸಿದುಕೊಂಡೆ. ಅವರ ಬೆನ್ನ ಹಿಂದೆ ಕತ್ತು ಚಾಚಿ ಬಸ್ಸಿನೊಳಗೆ ಇಣುಕಿದೆ. ಇಣುಕಿ, ಕೇಳಿಯೂಬಿಟ್ಟೆ:

"ಅಕ್ಕ ಎಲ್ಲಿ? ಇನ್ನೂ ಇಳೀಲಿಲ್ವಾ?"

ಅಕ್ಕ ತೀರಿಕೊಂಡು ಎಂಟು ತಿಂಗಳಾಗಿತ್ತು!

ನನಗೆ ಗೊತ್ತಿರಲಿಲ್ಲವೆಂದಲ್ಲ. ನಾನು ಅವಳ ಒಡಹುಟ್ಟಿದ ತಮ್ಮ. ಆಸ್ಪತ್ರೆಯ ಬೆಂಚಿನ ಮೇಲೆ ಭಾವನ ಪಕ್ಕ ಕೂತಿದ್ದವನು. ಆದರೆ ಹನ್ನೊಂದು ವರ್ಷದಿಂದ ಕ್ರಿಸ್‌ಮಸ್ ರಜೆಗೆ ಅವರಿಬ್ಬರೂ ಬರುತ್ತಿದ್ದುದು ಇದೇ ಬಸ್ಸಿನಲ್ಲಿ. ಮೊದಲು ಭಾವ ಇಳಿಯುವುದು. ಐದು ನಿಮಿಷ ಬಿಟ್ಟು ಅಕ್ಕ, ಸೀಟಿನ ಕೆಳಗೆ ಹೋದ ಚಪ್ಪಲಿಯನ್ನೋ ಕನ್ನಡಕವನ್ನೋ ಹುಡುಕಿಕೊಂಡು, ಕಂಡಕ್ಟರನ ಕೈಲಿ ಬೈಸಿಕೊಂಡು, ಅವನಿಗೂ ನಾಲ್ಕು ಬೈದು ಇಳಿಯುವುದು. ತಲೆಗೆ ತಲುಪಿದ ಸುದ್ದಿ ನನ್ನ ಬಾಯಿಗೆ ಇನ್ನೂ ತಲುಪಿರಲಿಲ್ಲ.

ಭಾವ ನನ್ನ ಮುಖವನ್ನೇ ನೋಡಿದರು.

"ಈ ಸಲ ಬರಲಿಲ್ಲ" ಎಂದರು. ಎಂದು, ಚೀಲವನ್ನು ನನ್ನ ಕೈಯಿಂದ ವಾಪಸು ಇಸಿದುಕೊಂಡು ನಡೆದರು.

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಏಕೆಂದರೆ ಈ ರಜೆಯಲ್ಲಿ ಭಾವನ ಎದುರು ಅಕ್ಕನ ಮಾತೇ ಎತ್ತಕೂಡದೆಂದು ಕಾನೂನು ಮಾಡಿದವನು ಬೇರಾರೂ ಅಲ್ಲ, ನಾನೇ! ಕಾನೂನು ಜಾರಿಗೆ ಬಂದು ಆಗಿನ್ನೂ ಮೂರು ಗಂಟೆಯಾಗಿತ್ತು.

ನನ್ನ ಭಾವ ಬೀಗ ರಿಪೇರಿಯವರು. ಬೆಳಗಿನ ಕಾಫಿ ತಣ್ಣಗಾಗುವಷ್ಟರಲ್ಲಿ ಮೂರು ಬೀಗ ಬಿಚ್ಚಿ ಜೋಡಿಸುವ ಕೈ ಅವರದು. ಮಾತು ಮಾತ್ರ ಬೀಗದ ಕೈ ತಿರುಗಿದಷ್ಟೇ. ಒಂದು ಸುತ್ತು, ಟಕ್, ಮುಗಿಯಿತು. ಮಿಕ್ಕ ಮಾತೆಲ್ಲ ಅಕ್ಕನ ಇಲಾಖೆ. ಅಕ್ಕ ಹೋದಮೇಲೆ ಅವರು ಒಂದು ಬೀಗವನ್ನೂ ಮುಟ್ಟಿರಲಿಲ್ಲ. ಪಕ್ಕದಂಗಡಿಯ ದರ್ಜಿ ನನಗೆ ಫೋನು ಮಾಡಿದ್ದ: "ದಿನಾ ಬರ್ತಾರೆ ಸಾರ್. ಬಾಗಿಲು ತೆಗೆಯಲ್ಲ. ಮೆಟ್ಟಿಲ ಮೇಲೆ ಕೂತಿದ್ದು, ಎದ್ದು ಹೋಗ್ತಾರೆ. ನೀವು ಏನಾದ್ರೂ ಮಾಡಿ."

ನಾನು ಏನಾದರೂ ಮಾಡದೆ ಬಿಡುವವನೇ? ಇಪ್ಪತ್ತಾರು ವರ್ಷದಿಂದ ಕಚೇರಿಯ ದಾಖಲೆ ಕೋಣೆಯನ್ನು ಆಳುತ್ತಿರುವ ಚಕ್ರವರ್ತಿ ನಾನು! ಅಲ್ಲಿ ನಾನು ಕಲಿತ ಪರಮ ಸತ್ಯ ಒಂದೇ: ಯಾವುದೇ ಕಡತ ಯಾರನ್ನಾದರೂ ಕಾಡುತ್ತಿದ್ದರೆ ಅದಕ್ಕೊಂದು ಚೀಟಿ ಅಂಟಿಸಿ, ಪಟ್ಟಿಗೆ ಸೇರಿಸಿ, ಒಳಗಿಟ್ಟು ಬೀಗ ಹಾಕಬೇಕು. ಆಮೇಲೆ ಅದು ಯಾರನ್ನೂ ಕಾಡುವುದಿಲ್ಲ. ಭಾವನನ್ನು ಎಂದಿನಂತೆ ಹೊಸ ವರ್ಷದ ತನಕ ಉಳಿಸಿಕೊಳ್ಳಬೇಕು, ಗೆಲುವಾಗಿ ಕಳಿಸಬೇಕು, ಅವರು ಹೋಗಿ ಅಂಗಡಿ ತೆಗೆಯಬೇಕು. ಅದಕ್ಕೆ ಉಪಾಯ? ನಮ್ಮ ಮನೆಯಲ್ಲಿ ಅಕ್ಕನನ್ನು ನೆನಪಿಸುವ ಸಾಮಾನು ಒಂದೂ ಕಣ್ಣಿಗೆ ಬೀಳಕೂಡದು!

ಮುಂದಿನ ವರ್ಷಕ್ಕಿರಲಿ ಎಂದು ಅಕ್ಕ ಪ್ರತಿ ಸಲವೂ ಏನಾದರೊಂದು ಬಿಟ್ಟು ಹೋಗುತ್ತಿದ್ದಳು. ಅವೆಲ್ಲವನ್ನೂ ಗುಡ್ಡೆಹಾಕಿದೆ. ಕಚೇರಿಯಿಂದ ತಂದ ಚೀಟಿ ಅಂಟಿಸಿದೆ. ಪಟ್ಟಿ ಬರೆದೆ. ಒಂದು, ಬೆತ್ತದ ಕುರ್ಚಿ, ಮೆತ್ತೆ ಸಹಿತ. ಎರಡು, ಅರ್ಧ ಹೆಣೆದ ಸ್ವೆಟರು, ಕಡ್ಡಿ ಎರಡು. ಮೂರು, ಕಾಫಿ ಕಪ್ಪು, ಹಿಡಿ ಇಲ್ಲ, ಸ್ಥಿತಿ: ಹಾಳಾಗಿದೆ. ನಾಲ್ಕು, ಇಸ್ಪೀಟು ಕಟ್ಟು, ಎಲೆಗಳು ಐವತ್ತೊಂದು. ಐದು, ಕಾಗದದ ನಕ್ಷತ್ರ, ಅಕ್ಕ ಕತ್ತರಿಸಿದ್ದು, ಆರು ಮೂಲೆಯಲ್ಲಿ ಒಂದು ಗಿಡ್ಡ. ಎಲ್ಲವನ್ನೂ ಅಡುಗೆಮನೆಯ ಪಕ್ಕದ ಉಗ್ರಾಣಕ್ಕೆ ಸಾಗಿಸಿ, ತಾರೀಖು ಹಾಕಿ ಸಹಿ ಮಾಡಿ, ಬೀಗ ಜಡಿದೆ.

ನನ್ನ ಹೆಂಡತಿ ಶಾಲೆಯಲ್ಲಿ ಲೆಕ್ಕದ ಟೀಚರು. ಕೆಂಪು ಶಾಯಿಯ ಪೆನ್ನು ಹಿಡಿದೇ ನನ್ನ ಪಟ್ಟಿಯನ್ನು ಓದಿದಳು.

"ಅತ್ತಿಗೆ ಏನು ಕಡತಾನೇನ್ರೀ, ಬೀಗ ಹಾಕೋಕೆ?"

"ನಿನಗೆ ತಿಳಿಯಲ್ಲ. ಇದು ಅನುಭವ."

"ಸರಿ. ಮಾತಾಡೋದು ಏನು ಹಾಗಾದ್ರೆ?"

"ಹವಾಮಾನ. ರಸ್ತೆ. ಹಲ್ಲುನೋವು. ಅಕ್ಕ ಅನ್ನಬಾರದು, ಹೋದ ವರ್ಷ ಅನ್ನಬಾರದು, ಇಸ್ಪೀಟು ಅನ್ನಬಾರದು, ಉಪ್ಪು ಅನ್ನಬಾರದು."

"ಉಪ್ಪು ಏನು ಮಾಡ್ತು?"

"ಅಕ್ಕ ಎಲ್ಲದಕ್ಕೂ ಒಂದು ಹಿಡಿ ಜಾಸ್ತಿ ಹಾಕ್ತಿರಲಿಲ್ವಾ? ಅದಕ್ಕೇ."

ಅವಳು ಪಟ್ಟಿಯ ಕೆಳಗೆ ಕೆಂಪು ಶಾಯಿಯಲ್ಲಿ ಸೊನ್ನೆ ಬರೆದು ಕೊಟ್ಟಳು.

ಪಕ್ಕದ ಮನೆಯ ಹಲ್ಲಿನ ಡಾಕ್ಟರಿಗೂ ಅವರ ಹೆಂಡತಿಗೂ ಅದೇ ಕಾನೂನು ಒಪ್ಪಿಸಿ ಬಂದೆ. ಹನ್ನೊಂದು ವರ್ಷದಿಂದ ರಜೆಯ ಪ್ರತಿ ಸಂಜೆಯೂ ನಮ್ಮಲ್ಲಿಗೆ ಬಂದು, ಅಕ್ಕನೆದುರು ಇಸ್ಪೀಟಿಗೆ ಕೂತು, ತಪ್ಪದೆ ಸೋತು ಹೋಗುತ್ತಿದ್ದ ಮಹಾನುಭಾವ ಆ ಡಾಕ್ಟರು.

ಹೀಗೆ ನಮ್ಮ ರಜೆ ಶುರುವಾಯಿತು. ಆಹಾ, ಎಂಥ ರಜೆ! ಊಟದ ಮೇಜಿನ ಸುತ್ತ ಐದು ಜನ. ಚಮಚದ ಸದ್ದು ಬಿಟ್ಟರೆ ಸದ್ದಿಲ್ಲ. ಡಾಕ್ಟರು ಉತ್ಸಾಹದಿಂದ "ಹೋದ ವ..." ಎಂದವರು ನನ್ನ ಕಣ್ಣು ನೋಡಿ, "ಹೋದ ವಾರ ಒಂದು ದವಡೆ ಹಲ್ಲು ಕಿತ್ತೆ" ಎಂದು ಮುಗಿಸಿದರು. ಆ ಹಲ್ಲಿನ ಚರಿತ್ರೆಯನ್ನು ನಾವೆಲ್ಲ ಗಂಭೀರವಾಗಿ ಕೇಳಿದೆವು. ಆಮೇಲೆ ಹವಾಮಾನ. ಆಮೇಲೆ ರಸ್ತೆ. ಆಮೇಲೆ ಮತ್ತೊಂದು ಹಲ್ಲು. ಕಾನೂನಿಗೆ ಹೆದರಿ ನನ್ನ ಹೆಂಡತಿ ಸೂಪಿಗೆ ಉಪ್ಪನ್ನೇ ಹಾಕಿರಲಿಲ್ಲ. ಎಲ್ಲರೂ ಬಿಸಿನೀರು ಕುಡಿದಂತೆ ಕುಡಿಯುತ್ತಿದ್ದೆವು.

ಭಾವ ಚಮಚ ಕೆಳಗಿಟ್ಟರು. "ಉಪ್ಪು ಇದೆಯಾ?"

ಡಾಕ್ಟರ ಹೆಂಡತಿ ಕೆಮ್ಮಿದರು. ನಾನು ಗಾಬರಿಯಲ್ಲಿ "ಭಾವ, ಮೋಡ ನೋಡಿದ್ರಾ?" ಎಂದೆ. ಭಾವ ಕಿಟಕಿಯ ಆಚೆ ಮೋಡ ನೋಡಿದರು. ಒಂದೂ ಇರಲಿಲ್ಲ. ಸೂಪು ಹಾಗೇ ಬಿಟ್ಟು ಎದ್ದರು.

ಅಕ್ಕನ ಕುರ್ಚಿ ಇರುತ್ತಿದ್ದ ಕಿಟಕಿಯ ಬಳಿ ನೆಲದಲ್ಲಿ ನಾಲ್ಕು ಕಾಲಿನ ಗುರುತು ಉಳಿದಿತ್ತು. ಅದನ್ನು ಪಟ್ಟಿಗೆ ಸೇರಿಸುವುದು ನನಗೂ ಆಗಿರಲಿಲ್ಲ. ಭಾವ ಆ ಗುರುತಿನ ಪಕ್ಕ ನಿಂತು, ಅದನ್ನು ತುಳಿಯದಂತೆ ಸುತ್ತು ಹಾಕಿಕೊಂಡು ತಮ್ಮ ಕೋಣೆಗೆ ಹೋಗುವುದನ್ನು ನಾನು ನೋಡಿದೆ. ನೋಡಿಯೂ, ನನ್ನ ಯೋಜನೆ ಫಲ ಕೊಡುತ್ತಿದೆ ಎಂದೇ ನಂಬಿದೆ. ನಂಬಿಕೆಯಲ್ಲಿ ನನ್ನನ್ನು ಮೀರಿಸುವವರಿಲ್ಲ!

ಇಪ್ಪತ್ತನಾಲ್ಕರ ಮಧ್ಯಾಹ್ನ ಭಾವ ಹೇಳಿದರು: "ನಾಳೆ ಬೆಳಿಗ್ಗೆ ಏಳು ಗಂಟೆ ಬಸ್ಸಿಗೆ ಹೊರಡ್ತೀನಿ."

"ನಾಳೆ ಕ್ರಿಸ್‌ಮಸ್ಸು ಭಾವ! ರಜೆ ಇನ್ನೂ ಎಂಟು ದಿನ ಇದೆ!"

"ಗೊತ್ತು. ಹೊರಡ್ತೀನಿ."

ಟಕ್. ಬೀಗ ಬಿತ್ತು.

ಹೆಂಡತಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಆಯ್ತಾ ನಿಮ್ಮ ಅನುಭವ? ಅಲ್ಲಿ ಹೋಗಿ ಮತ್ತೆ ಮೆಟ್ಟಿಲ ಮೇಲೆ ಕೂರ್ತಾರೆ ಅವರು. ಸಂಜೆ ಕೇಕಾದ್ರೂ ನಗನಗ್ತಾ ಕತ್ತರಿಸೋಣ, ಆಗಲಾದ್ರೂ ಮನಸ್ಸು ಬದಲಾಯಿಸ್ತಾರೋ ಏನೋ. ಕೇಕು ಎಲ್ಲಿಟ್ರಿ?"

ಕೇಕು! ಇರುವೆಗಳಿಂದ ಕಾಪಾಡಲು ಹಿಂದಿನ ದಿನ ನಾನೇ ಅದನ್ನು ಉಗ್ರಾಣದಲ್ಲಿಟ್ಟು, ಪಟ್ಟಿಯಲ್ಲಿ ಆರನೇ ಸಾಲಿಗೆ 'ಕೇಕು (ತಾತ್ಕಾಲಿಕ)' ಎಂದು ಬರೆದಿದ್ದೆ. ಡಾಕ್ಟರ ದಂಪತಿ ಬರುವ ಹೊತ್ತಾಗಿತ್ತು. ಭಾವ ಮುಂದಿನ ಕೋಣೆಯಲ್ಲಿದ್ದರು. ಸದ್ದಾಗದಂತೆ ತೆಗೆದು, ಕೇಕು ಎತ್ತಿಕೊಂಡು, ಸದ್ದಾಗದಂತೆ ಮುಚ್ಚುವುದು ಎಷ್ಟರ ಕೆಲಸ! ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಕೀಲಿ ತೂರಿಸಿದೆ. ತಿರುಗಲಿಲ್ಲ. ಒತ್ತಿದೆ. ತಿರುಗಲಿಲ್ಲ. ಎರಡೂ ಕೈ ಹಾಕಿ ತಿರುಚಿದೆ.

ಕಟಕ್!

ಕೀಲಿಯ ತಲೆ ನನ್ನ ಕೈಯಲ್ಲಿ. ಮೈ ಬೀಗದ ಹೊಟ್ಟೆಯಲ್ಲಿ.

ಓದುಗರೇ, ನನ್ನ ಪರಿಸ್ಥಿತಿ ನೋಡಿ. ಮುರಿದ ಕೀಲಿ ತೆಗೆಯುವುದರಲ್ಲಿ ಎತ್ತಿದ ಕೈಯೆಂದು ಹೆಸರಾದ ಮನುಷ್ಯ ನನ್ನದೇ ಮನೆಯಲ್ಲಿ, ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದಾರೆ. ಇಡೀ ಲೋಕದಲ್ಲಿ ಈ ಬಾಗಿಲು ತೆಗೆಯಲು ನಾನು ಕರೆಯಬಾರದ ಒಬ್ಬನೇ ಮನುಷ್ಯ ಅವರೇ!

ಬೆಣ್ಣೆ ಸವರುವ ಚಾಕು ಹಾಕಿದೆ, ಬಾಗಿತು. ಹೆಂಡತಿಯ ಹೇರ್‌ಪಿನ್ನು ಹಾಕಿದೆ. ಅದೂ ಒಳಗೆ ಹೋಗಿ ಅಲ್ಲೇ ಬೀಡುಬಿಟ್ಟಿತು. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಡಾಕ್ಟರು ಹೆಂಡತಿಯೊಡನೆ ಬಂದರು. ನಾನು ಪಿಸುಗುಟ್ಟಿದ್ದೆಲ್ಲ ಕೇಳಿ, ಅವರ ಮುಖದಲ್ಲಿ ಕಸುಬಿನ ಕಳೆ ಬಂತು.

"ಇಷ್ಟೇ ತಾನೇ? ಬೇರು ಒಳಗೆ ಉಳಿದಿದೆ. ದಿನಾ ಕೀಳ್ತೀನಯ್ಯಾ ಇಂಥದ್ದನ್ನ!"

ಓಡಿಹೋಗಿ ತಮ್ಮ ಪೆಟ್ಟಿಗೆ ತಂದರು. ಬೀಗದ ಮುಂದೆ ಮಂಡಿಯೂರಿದರು. ಇಕ್ಕಳ, ಕೊಕ್ಕೆ, ಪುಟ್ಟ ಕನ್ನಡಿ. ನಾನು ಟಾರ್ಚು ಹಿಡಿದೆ.

"ಸ್ವಲ್ಪ ಅಗಲ ಮಾಡಿ" ಎಂದರು ಅಭ್ಯಾಸಬಲದಿಂದ.

"ಯಾರಿಗೆ ಹೇಳ್ತಿದ್ದೀರಿ?"

"ಶ್... ಅಲ್ಲಾಡಬೇಡಿ. ನೋವಾಗಲ್ಲ."

ಟಿಣ್! ಕೊಕ್ಕೆಯ ತುದಿಯೂ ಮುರಿದು ಒಳಗೆ ಉಳಿಯಿತು. ಈಗ ಒಂದು ಬೀಗದಲ್ಲಿ ಮೂವರು ಬಾಡಿಗೆದಾರರು.

"ಅರಿವಳಿಕೆ ಕೊಟ್ಟಿದ್ರಾ?"

ಬೆನ್ನ ಹಿಂದಿನಿಂದ ಬಂದ ದನಿ. ಭಾವ! ಅಡುಗೆಮನೆಯ ಬಾಗಿಲಿಗೊರಗಿ ಕೈಕಟ್ಟಿ ನಿಂತಿದ್ದರು.

"ಯಾವಾಗ ಬಂದ್ರಿ ಭಾವ?"

"ಕೀಲಿ ಮುರಿದಾಗ."

"ಅದು ಅಲ್ಲೀ ತನಕ ಕೇಳಿಸ್ತಾ?"

"ನಲವತ್ತು ವರ್ಷದಿಂದ ಕೇಳ್ತಿದ್ದೀನಿ."

"ಬೇಡ ಬಿಡಿ ಭಾವ, ನಾಳೆ ನೋಡೋಣ. ಒಳಗೆ ಏನೂ ಇಲ್ಲ."

"ಏನೂ ಇಲ್ಲದ ಕೋಣೆಗೆ ಬೀಗ ಯಾಕೆ?"

ದಾಖಲೆ ಕೋಣೆಯ ಚಕ್ರವರ್ತಿ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ.

ಭಾವ ಒಳಗೆ ಹೋಗಿ ತಮ್ಮ ಚೀಲದಿಂದ ಒಂದು ಚರ್ಮದ ಸುರುಳಿ ತಂದರು. ಎಂಟು ತಿಂಗಳು ಮುಟ್ಟದಿದ್ದರೂ ಹೊತ್ತುಕೊಂಡೇ ಬಂದಿದ್ದರು. ನೆಲದ ಮೇಲೆ ಅದನ್ನು ಬಿಚ್ಚಿದರು. ಸಣ್ಣ ಚಿಮಟವನ್ನು ಒಂದು ಸಲ ಕೆಳಗಿಟ್ಟರು. ಮತ್ತೆ ಎತ್ತಿಕೊಂಡರು. ಡಾಕ್ಟರು ತಮ್ಮ ಇಕ್ಕಳವನ್ನು ಮೆಲ್ಲಗೆ ಪೆಟ್ಟಿಗೆಯೊಳಗೆ ಸೇರಿಸಿದರು. ಮೊದಲು ಕೊಕ್ಕೆಯ ತುದಿ ಬಂತು, ಆಮೇಲೆ ಹೇರ್‌ಪಿನ್ನು, ಆಮೇಲೆ ಕೀಲಿಯ ಮೈ. ಕೊನೆಗೆ ಒಂದು ತಂತಿ ತೂರಿಸಿ ಕಣ್ಣು ಮುಚ್ಚಿದರು.

ಬಾಗಿಲು ತೆರೆಯಿತು.

ಕಿಟಕಿಯಿಲ್ಲದ ಆ ಕೋಣೆಯಲ್ಲಿ, ನನ್ನ ಟಾರ್ಚಿನ ಬೆಳಕಿನಲ್ಲಿ, ಅಕ್ಕನ ಬೆತ್ತದ ಕುರ್ಚಿ. ಅದರ ತೋಳಿನ ಮೇಲೆ ನನ್ನ ಚೀಟಿ. ಕುರ್ಚಿಯಲ್ಲಿ ಅರ್ಧ ಹೆಣೆದ ಸ್ವೆಟರು, ಕಪ್ಪು, ನಕ್ಷತ್ರ. ಪಕ್ಕದಲ್ಲಿ ಕೇಕು, ತಾತ್ಕಾಲಿಕ.

ಭಾವ ಗೋಡೆಗೆ ಅಂಟಿಸಿದ್ದ ಪಟ್ಟಿಯನ್ನು ಓದಿದರು. ನಿಧಾನವಾಗಿ, ಮೊದಲಿನಿಂದ ಕೊನೆಯವರೆಗೆ, ನನ್ನ ಸಹಿಯನ್ನೂ ಸೇರಿಸಿ. ಆಮೇಲೆ ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡರು. ಮೂರನೇ ಸಾಲಿನಲ್ಲಿ 'ಹಾಳಾಗಿದೆ' ಎಂಬುದನ್ನು ಹೊಡೆದುಹಾಕಿ 'ಬಳಕೆಯಲ್ಲಿದೆ' ಎಂದು ಬರೆದರು. ಬರೆದು, ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟರು.

"ಐವತ್ತೊಂದು ಅಲ್ಲ. ಐವತ್ತೆರಡು."

"ಎರಡು ಸಲ ಎಣಿಸಿದ್ದೀನಿ ಭಾವ."

ಭಾವ ಕುರ್ಚಿಯ ಮೆತ್ತೆಯೆತ್ತಿ, ಅದರ ಕೆಳಗೆ ಬೆತ್ತದ ಸಂದಿಗೆ ಎರಡು ಬೆರಳು ತೂರಿಸಿದರು. ಇಸ್ಪೀಟಿನ ರಾಜ ಹೊರಬಂದ!

"ಹನ್ನೊಂದು ವರ್ಷ!" ಡಾಕ್ಟರು ಕಿರುಚಿದರು. "ಹನ್ನೊಂದು ವರ್ಷ ಆ ತಾಯಿ ನನ್ನನ್ನ ಸೋಲಿಸಿದ್ದು ಹೀಗಾ? ನಿಮಗೆ ಗೊತ್ತಿತ್ತಾ?"

"ಬಚ್ಚಿಡೋದು ನಾನೇ ಕಲಿಸಿದ್ದು" ಎಂದರು ಭಾವ.

ಮೊದಲು ನಕ್ಕವಳು ನನ್ನ ಹೆಂಡತಿ. ನಗುತ್ತಾ ನಗುತ್ತಾ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅತ್ತಿಗೆ ನನ್ನ ಪಕ್ಕ ಕೂತು ಇಷ್ಟು ವರ್ಷ... ನಾನು ಲೆಕ್ಕದ ಟೀಚರು, ನನಗೇ ಗೊತ್ತಾಗಲಿಲ್ವಲ್ಲಾ!" ಡಾಕ್ಟರ ಹೆಂಡತಿ ಅಕ್ಕನ ಉಪ್ಪಿನ ಕಥೆ ತೆಗೆದರು. ಕಂಡಕ್ಟರನ ಕಥೆ ನಾನು ಹೇಳಿದೆ. ನನ್ನ ಕಾನೂನು ಅಲ್ಲೇ ಉಗ್ರಾಣದಲ್ಲಿ ಪ್ರಾಣ ಬಿಟ್ಟಿತು.

ಭಾವ ಕುರ್ಚಿಯನ್ನು ತಾವೇ ಹೊತ್ತು ತಂದು, ನೆಲದ ಗುರುತಿನ ಮೇಲೆ ನಾಲ್ಕೂ ಕಾಲು ಸರಿಯಾಗಿ ಕೂರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. ಆ ದಿನ ಅವರಾಡಿದಷ್ಟು ದೊಡ್ಡ ಮಾತನ್ನು ನಾನು ಅವರ ಬಾಯಿಂದ ಹಿಂದೆ ಕೇಳಿರಲಿಲ್ಲ.

"ಬಂದು ಮೂರು ದಿನ ಆಯ್ತು. ಯಾರೂ ಅವಳ ಹೆಸರೇ ಎತ್ತಲಿಲ್ಲ. ಎಲ್ಲರೂ ಮರೆತಿದ್ದಾರೆ ಅಂದ್ಕೊಂಡೆ. ಬಸ್ ಸ್ಟ್ಯಾಂಡಲ್ಲಿ ನೀನು 'ಅಕ್ಕ ಎಲ್ಲಿ' ಅಂದ್ಯಲ್ಲ, ಅದೊಂದೇ ನೆಟ್ಟಗಿದ್ದ ಮಾತು."

ಮೂರು ದಿನ ಜಾಣತನದಿಂದ ಮಾಡಿದ್ದೆಲ್ಲ ತಪ್ಪು. ಪೆದ್ದನಂತೆ ಬಾಯಿಬಿಟ್ಟಿದ್ದೊಂದು ಸರಿ! ಹೆಂಡತಿ ಕೊಟ್ಟ ಸೊನ್ನೆಗೆ ಅಂದು ನಾನೇ ಮೇಲುಸಹಿ ಹಾಕಿದೆ.

ಸಂಜೆ ನಕ್ಷತ್ರ ಕಿಟಕಿಗೆ ಏರಿತು, ಗಿಡ್ಡ ಮೂಲೆ ಕೆಳಗಾಗಿ. ಕೇಕು ಕತ್ತರಿಸಿದೆವು. ಆದರೆ ಏಳು ಗಂಟೆಯ ಬಸ್ಸಿನ ಬಗ್ಗೆ ಭಾವ ಚಕಾರವೆತ್ತಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.

ಬೆಳಿಗ್ಗೆ ಎದ್ದಾಗ ಏಳೂವರೆ! ಹೊರಗೆ ಓಡಿದೆ. ಮುಂದಿನ ಕೋಣೆಯಲ್ಲಿ ಅಕ್ಕನ ಕುರ್ಚಿಯಲ್ಲಿ ಭಾವ ಕೂತಿದ್ದರು. ಪಕ್ಕದಲ್ಲಿ ಹಿಡಿಯಿಲ್ಲದ ಕಪ್ಪಿನಲ್ಲಿ ಕಾಫಿ. ಕಾಲ ಬಳಿ ಹಳೇ ಪೇಪರು ಹಾಸಿ, ಅದರ ಮೇಲೆ ಉಗ್ರಾಣದ ಬೀಗವನ್ನು ಬಿಚ್ಚಿ ಹರಡಿದ್ದರು.

"ಭಾವ, ಬಸ್ಸು?"

"ಹೋಯ್ತು."

ನಾನು ಅವರ ಪಕ್ಕ ನೆಲದ ಮೇಲೆ ಕೂತೆ.

"ಮತ್ತೆ... ಎಷ್ಟು ದಿನ ಇರ್ತೀರಿ?"

ಭಾವ ಒಂದು ಸ್ಪ್ರಿಂಗನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ತಲೆಯೆತ್ತಲಿಲ್ಲ.

"ನಿಮ್ಮ ಮನೇಲಿ ಎಂಟು ಬೀಗ ಇವೆ. ದಿನಕ್ಕೆ ಒಂದು."